ಹೊಸ ಗಿಟಾರಿಗೆ ಬಿದ್ದ ಮೊದಲ ಪೆಟ್ಟು

ಸೇಡಂ ಸ್ಟೇಷನ್ ಬಿಟ್ಟ ರೈಲು ಒಮ್ಮೆಲೇ ಜಗ್ಗಿದಾಗ ನನ್ನ ಹೊಸ ಗಿಟಾರು ಕಿಟಕಿಯ ಕಬ್ಬಿಣದ ಸರಳಿಗೆ ಬಡಿಯಿತು. ಅದರ ಹಿಂದೆಯೇ ನಾನೂ ಮುಗ್ಗರಿಸಿದೆ. ಆಗ ನಮ್ಮ ಭಾಗವೆಲ್ಲ ಹೈದರಾಬಾದ್ ರಾಜ್ಯದಲ್ಲಿತ್ತು. ಸಿಕಂದರಾಬಾದಿನಲ್ಲಿ ಕೊಂಡ ಗಿಟಾರನ್ನು ಯಾರೂ ಮುಟ್ಟಬಾರದೆಂದು ಎದೆಗವಚಿಕೊಂಡು, ವಾಡಿಯವರೆಗೂ ನಿಂತೇ ಹೊರಟಿದ್ದೆ. ಬಾರಿಸಲು ಮಾತ್ರ ಇನ್ನೂ ಬರುತ್ತಿರಲಿಲ್ಲ.

ಕೆಳಗೆ ಕುಳಿತು ನೋಡಿದರೆ ಹುಣಸೆ ಬೀಜದಷ್ಟು ಬಣ್ಣ ಎದ್ದುಹೋಗಿತ್ತು. ಕಣ್ಣಲ್ಲಿ ನೀರೇ ಬಂತು. ಎದುರಿಗಿದ್ದ ಮುದುಕಿ ಗಾಬರಿಯಿಂದ, “ಭಾಳ ಪೆಟ್ಟಾತೇನೋ ತಮ್ಮ?” ಎಂದಳು.

“ಹೌದ್ರಿ ಅವ್ವ, ಬಣ್ಣಾನೇ ಹೋಗ್ಯಾದ ನೋಡ್ರಿ!” ಎಂದು ಗಿಟಾರು ತೋರಿಸಿದೆ.

“ಹಣಿ ಒಡದು ರಕ್ತ ಸೋರ್ಲಿಕತ್ತದ, ನೀ ಕಟಗಿ ನೋಡ್ಕೋತ ಕುಂತೀಯಲ್ಲೋ!” ಎಂದು ಬೈಯುತ್ತಲೇ ಆಕೆ ತನ್ನ ಸೆರಗಿನ ಅಂಚು ಹರಿದು ನನ್ನ ತಲೆಗೆ ಪಟ್ಟಿ ಕಟ್ಟಿದಳು. ಕಟ್ಟಿಸಿಕೊಳ್ಳುವಾಗಲೂ ನಾನು, ರಕ್ತದ ಹನಿ ತಾಗೀತೆಂದು ಗಿಟಾರನ್ನು ದೂರ ಹಿಡಿದಿದ್ದೆ.

ಗಿಟಾರಿನ ಗಾಯವನ್ನು ವಾಡಿಯ ಬಡಗಿಯೊಬ್ಬ ಗುರುತೇ ಸಿಗದಂತೆ ಮುಚ್ಚಿಕೊಟ್ಟ. ಹಣೆಯ ಕಲೆ ಹಾಗೇ ಉಳಿದಿದೆ. ಕೇಳಿದವರಿಗೆ ಸೈಕಲ್ಲಿನಿಂದ ಬಿದ್ದೆ ಎನ್ನುತ್ತೇನೆ. ಸೀರೆ ಹರಿದು ಕಟ್ಟಿದ ಆ ಅವ್ವನ ಹೆಸರು ಕೇಳಬೇಕೆಂದು ಮಾತ್ರ ನನಗೆ ಅಂದು ಹೊಳೆಯಲೇ ಇಲ್ಲ.