ಕಾವಲಕ್ಕನ ಕಾಡು

ಊರಿನವರು ಆಕೆಯನ್ನು ಕಾವಲಕ್ಕ ಎಂದು ಕರೆಯುತ್ತಿದ್ದರು. ಮೊದಮೊದಲು ಅದು ಗೇಲಿಯ ಮಾತು. ಗುಡ್ಡದ ಕಾಡನ್ನು ಕಡಿಯದೆ ಉಳಿಸಿಕೊಂಡರೆ ಊರಿಗೆ ಹಣ ಬರುತ್ತದೆ ಎಂಬ ಸುದ್ದಿ ಕೇಳಿ ಜನ ಬಿದ್ದು ಬಿದ್ದು ನಕ್ಕಿದ್ದರು. ಯೋಜನೆಯ ಮೇಡಂ ಶಾಲೆಯ ಜಗಲಿಯಲ್ಲಿ ನಿಂತು, ಎಲ್ಲೋ ಇರುವ ಕಾರ್ಖಾನೆಗಳ ಹೊಗೆಯನ್ನು ಮರಗಳು ಹೀರಿಕೊಳ್ಳುತ್ತವೆ, ಅದನ್ನೇ ಕಾರ್ಬನ್ ಕ್ರೆಡಿಟ್ ಎಂದು ಆ ಕಾರ್ಖಾನೆಯವರಿಗೆ ಮಾರಬಹುದು ಎಂದು ವಿವರಿಸಿದಾಗ ಗಾರೆ ಮೇಸ್ತ್ರಿ ಎದ್ದು ನಿಂತ.

"ಹಾಗಾದ್ರೆ ಉಸಿರಿಗೂ ಒಂದು ರೇಟು ಹಾಕಿ ಮೇಡಂ. ನಮ್ಮತ್ತೆ ಗೊರಕೆಯಿಂದ್ಲೇ ಮಹಡಿ ಮನೆ ಕಟ್ಟಿಸ್ತೀನಿ."

ನಗದೆ ಕೂತಿದ್ದವಳು ಕಾವಲಕ್ಕ ಒಬ್ಬಳೇ. ಗಂಡ ಇದ್ದಾಗ ಅವನ ಜೊತೆ, ಅವನು ಹೋದಮೇಲೆ ಒಂಟಿಯಾಗಿ, ಇಟ್ಟಿಗೆ ಗೂಡುಗಳಿಗೆ ಸೌದೆ ಹೊತ್ತು ಬದುಕಿದವಳು. ಕಾಡು ವರ್ಷವರ್ಷಕ್ಕೂ ಹಿಂದೆ ಸರಿಯುತ್ತಿರುವುದು ಅವಳ ಕಾಲಿಗೆ ಗೊತ್ತಿತ್ತು. ಮನೆಮನೆಗೆ ಹೋಗಿ ಗೋಗರೆದಳು, ಒಮ್ಮೊಮ್ಮೆ ಜಗಳವಾಡಿದಳು, ಅಂತೂ ಊರನ್ನು ಒಪ್ಪಿಸಿದಳು. ಕಾವಲು ಸಮಿತಿಗೆ ಅವಳನ್ನೇ ಮುಂದೆ ಮಾಡಿದರು. ಕ್ರೆಡಿಟ್ಟಿನ ಹಣದಲ್ಲಿ ಊರಿಗೊಂದು ಪುಟ್ಟ ಆಸ್ಪತ್ರೆ ಬಂತು, ನರ್ಸಮ್ಮ ಬಂದಳು. ಮೇಸ್ತ್ರಿಯ ಮೊಮ್ಮಗಳು ಹುಟ್ಟಿದ್ದು ಅಲ್ಲೇ. ಆಮೇಲೆ ಕಾವಲಕ್ಕ ಎನ್ನುವಾಗ ಯಾರೂ ನಗುತ್ತಿರಲಿಲ್ಲ.

ಅವಳಿಗೊಬ್ಬ ತಮ್ಮ. ತಾಯಿ ತೀರಿಕೊಂಡಾಗ ಇನ್ನೂ ಅಂಬೆಗಾಲಿಡುತ್ತಿದ್ದವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದ್ದಳು. ಒಂದು ಬೆಳಿಗ್ಗೆ ತೊರೆಯ ಆಚೆ ಗರಗಸದ ಸದ್ದು ಕೇಳಿ ಓಡಿದರೆ, ಉರುಳಿಸಿದ ಮರದ ಮೇಲೆ ಕೂತು ಬೆವರೊರೆಸಿಕೊಳ್ಳುತ್ತಿದ್ದವನು ಅವನೇ. ಗಾಳಿಗೆ ಅವನ ಮನೆಯ ಸೂರು ಕುಸಿದಿತ್ತು, ತೊಲೆ ಬೇಕಿತ್ತು.

"ಒಂದೇ ಒಂದು ಅಕ್ಕಾ. ಯಾರೂ ನೋಡಿಲ್ಲ."

"ನಾನು ನೋಡಿದ್ನಲ್ಲೋ."

ಮರ ಕಡಿದವರ ಮನೆಗೆ ಯೋಜನೆಯ ಪಾಲೂ ಇಲ್ಲ, ಕಾವಲಿನ ಕೆಲಸವೂ ಇಲ್ಲ ಎಂಬುದು ಊರೇ ಮಾಡಿಕೊಂಡ ಕಟ್ಟಳೆ. ಸಭೆಯಲ್ಲಿ ನಾಲ್ಕು ಜನ "ಹೋಗ್ಲಿ ಬಿಡಕ್ಕ" ಎಂದರು. "ನನ್ನ ತಮ್ಮ ಅಂತ ಬಿಟ್ರೆ ನಾಳೆ ನಿಮ್ಮನ್ನ ಯಾವ ಬಾಯಲ್ಲಿ ತಡೀಲಿ?" ಎಂದು ಅವಳೇ ಅವನನ್ನು ಹೊರಗಿಡಿಸಿದಳು. ಅವನು ಹೆಂಡತಿ ಮಕ್ಕಳನ್ನು ಕರೆದುಕೊಂಡು, ಕಲ್ಲು ಕ್ವಾರಿ ಇದ್ದ ಪಟ್ಟಣಕ್ಕೆ ಹೊರಟುಹೋದ. ಅಲ್ಲಿಂದಾಚೆಗೆ ಆ ಕಾಡಿನಲ್ಲಿ ಯಾರೂ ಕೊಡಲಿ ಎತ್ತಲಿಲ್ಲ.

ಕೆಲವು ವರ್ಷಗಳ ಮೇಲೆ ಮೇಡಂ ಮುಖ ಸಪ್ಪಗೆ ಮಾಡಿಕೊಂಡು ಬಂದರು. ಹಣ ನಿಂತುಹೋಗಿದೆ ಎಂದರು.

"ಯಾಕೆ? ನಾವೇನು ತಪ್ಪು ಮಾಡಿದ್ವಿ?"

"ತಪ್ಪಿಲ್ಲಮ್ಮ. ಕಾಡು ನೋಡೋಕೆ ತಪಾಸಣೆಯವರು ಬಂದಿದ್ರಲ್ಲ, ಈ ಕಾಡಿಗೆ ಅಪಾಯವೇ ಇರ್ಲಿಲ್ಲ, ಇಲ್ಲಿ ಯಾರೂ ಕಡೀತಾನೇ ಇರ್ಲಿಲ್ಲ ಅಂದಿದಾರೆ. ತಾನಾಗೇ ಉಳೀತಿದ್ದ ಕಾಡಿನ ಕ್ರೆಡಿಟ್ಟು ಯಾರಿಗೂ ಬೇಡ್ವಂತೆ."

ಕಾವಲಕ್ಕ ತೊರೆಯ ಆಚೆಗೆ ಕೈ ತೋರಿಸಿದಳು.

"ಕಡೀತಿದ್ರು ಮೇಡಂ," ಎಂದಳು. "ನನ್ನ ತಮ್ಮನೇ ಕಡಿದಿದ್ದ."

ಮೇಡಂ ಅವಳ ಕೈ ಹಿಡಿದುಕೊಂಡರು.

ಆಸ್ಪತ್ರೆಯ ಮಂಚ, ತೂಕದ ಯಂತ್ರ ವ್ಯಾನು ಹತ್ತಿದವು. ಮರದ ಗುತ್ತಿಗೆದಾರ ಊರಿಗೆ ಬಂದ. ಜನ ಹೆಚ್ಚು ಚರ್ಚೆ ಮಾಡದೆ ಕಾಡು ಮಾರಲು ಒಪ್ಪಿದರು. ಮರ ಬೀಳಿಸುವ ದಿನ ಕಾವಲಕ್ಕ ಕಾಡಿನ ಅಂಚಿನಲ್ಲಿ ಅಡ್ಡ ನಿಂತಳು. ಬೈದರೆ ಬೈಯಲು, ದೂಡಿದರೆ ಬೀಳಲು ಸಿದ್ಧಳಾಗಿಯೇ ಬಂದಿದ್ದಳು. ಯಾರೂ ಬೈಯಲಿಲ್ಲ. ಮೇಸ್ತ್ರಿ ಅವಳ ಭುಜ ಹಿಡಿದು ಮೆಲ್ಲಗೆ ಪಕ್ಕಕ್ಕೆ ಸರಿಸಿದ.

"ಇಲ್ಲಿ ನಿಂತ್ಕೋ ಅಕ್ಕ. ಅಲ್ಲಿ ಮರ ಮೈಮೇಲೆ ಬೀಳುತ್ತೆ."

ಅಷ್ಟೇ. ಅವಳು ಅಲ್ಲೇ ನಿಂತಳು.

ಗುಡ್ಡ ಬೋಳಾದ ಮೇಲೆ ತಮ್ಮನನ್ನು ಹುಡುಕಿಕೊಂಡು ಹೋದಳು. ಕ್ವಾರಿಯ ದೂಳು ಮೆತ್ತಿದ ಸಾಲುಮನೆಗಳಲ್ಲಿ ಅವನದೊಂದು ಕೋಣೆ. ಕೆಮ್ಮುತ್ತಲೇ ಬಾಗಿಲು ತೆಗೆದ. ತಲೆಗೂದಲು ದೂಳಿಗೆ ಬೆಳ್ಳಗಾಗಿತ್ತೋ ವಯಸ್ಸಿಗೋ ಗೊತ್ತಾಗಲಿಲ್ಲ. ಅವನ ಹೆಂಡತಿ ಒಲೆಯ ಮುಂದಿನಿಂದ ತಿರುಗಿ ನೋಡಲಿಲ್ಲ. ಚಹಾವನ್ನು ಅವನೇ ತಂದುಕೊಟ್ಟ.

"ಬಂದ್ಬಿಡೋ ಊರಿಗೆ. ಈಗ ಯಾರೂ ಏನೂ ಅನ್ನಲ್ಲ."

"ಯಾವ ಊರಿಗಕ್ಕ? ಇಲ್ಲಿ ಕೂಲಿನಾದ್ರೂ ಇದೆ." ಲೋಟದ ಅಂಚನ್ನು ಹೆಬ್ಬೆರಳಿನಿಂದ ಉಜ್ಜುತ್ತಾ ಕೇಳಿದ: "ಅವತ್ತು ನೀನು ನೋಡಿಯೂ ನೋಡದ ಹಾಗೆ ಹೋಗಿದ್ರೆ ಏನಾಗ್ತಿತ್ತು?"

ದಾರಿಯುದ್ದಕ್ಕೂ ಅವಳು ಇದೇ ಪ್ರಶ್ನೆಗೆ ಹೆದರಿಕೊಂಡು ಬಂದಿದ್ದಳು.

"ಏನೂ ಆಗ್ತಿರ್ಲಿಲ್ಲ," ಎಂದಳು.

ಅವನು ತಲೆಯಾಡಿಸಿದ. ಬಸ್ ನಿಲ್ದಾಣದ ತನಕ ಜೊತೆಗೆ ಬಂದ, ಚೀಲ ಎತ್ತಿಕೊಟ್ಟ. ಇನ್ನೆರಡು ದಿನ ಇದ್ದು ಹೋಗು ಎನ್ನಲಿಲ್ಲ. ಬಸ್ಸು ಹೊರಡುವ ಮೊದಲೇ ಕ್ವಾರಿಯ ಸೈರನ್ ಕೂಗಿತು, ಅವನು ಪಾಳಿಗೆ ತಡವಾಯಿತೆಂದು ಓಡಿದ.