ಒಂಟಿಕಣ್ಣಿ ಎಣಿಸಿದ ಗುಲಾಬಿ ಕಣಗಳು

ಒಂಟಿಕಣ್ಣಿಯನ್ನು ನಾನು ಮೊದಲು ಕಂಡದ್ದು, ಮೊಮ್ಮಗಳ ಕೆಮ್ಮು ಎರಡು ತಿಂಗಳಾದರೂ ನಿಲ್ಲಲಿಲ್ಲವೆಂದು ಆಸ್ಪತ್ರೆಗೆ ಹೋದ ದಿನ. ಆಕೆ ರಕ್ತ ಪರೀಕ್ಷೆ ಮಾಡುವವಳು. ದಿನವಿಡೀ ಒಂದು ಕಣ್ಣು ಮುಚ್ಚಿ ಸೂಕ್ಷ್ಮದರ್ಶಕ ನೋಡುತ್ತಿದ್ದುದರಿಂದ ಆ ಹೆಸರು ಬಿದ್ದಿತ್ತು. ಡಾಕ್ಟರು ಆಸ್ತಮಾ ಎಂದು ಔಷಧಿ ಚೀಟಿ ಬರೆದೇಬಿಟ್ಟಿದ್ದರು.

ಅಷ್ಟರಲ್ಲಿ ಆಕೆ ಮೊಮ್ಮಗಳ ರಕ್ತ ಸವರಿದ ಗಾಜಿನ ಪಟ್ಟಿ ಹಿಡಿದು ಓಡಿ ಬಂದಳು. "ತಡೀರಿ ಸಾರ್! ನೂರು ಬಿಳಿ ಕಣದಲ್ಲಿ ಗುಲಾಬಿ ಕಾಳಿರೋವು ಮೂರೋ ನಾಲ್ಕೋ ಇರ್ಬೇಕು. ಈ ಮಗೂಗೆ ನಲವತ್ತೆರಡು! ನುಂಗೋಕಾಗದಷ್ಟು ದೊಡ್ಡ ಹುಳ ಬಂದ್ರೆ ಇವು ಗುಂಪಾಗಿ ಮುತ್ಕೊಂಡು, ಒಳಗಿರೋ ಕಾಳನ್ನೆಲ್ಲ ಅದರ ಮೇಲೆ ಎರಚ್ತವೆ. ಹೊಟ್ಟೆಹುಳದ ಮರಿ ಶ್ವಾಸಕೋಶ ದಾಟ್ತಿದೆ ಸಾರ್, ಅದಕ್ಕೇ ಕೆಮ್ಮು!"

"ಗಾಜಿಗೆ ಹಾಕೋ ನಿನ್ನ ಬಣ್ಣ ಕೆಟ್ಟಿರ್ಬೇಕಮ್ಮ. ಅದಕ್ಕೇ ನಿಂಗೆ ಎಲ್ಲಾ ಗುಲಾಬಿಯಾಗೇ ಕಾಣ್ತಿದೆ," ಎಂದರು ಡಾಕ್ಟರು.

"ಅಜ್ಜಿ, ನಿಮ್ಮ ಬೆರಳು ಕೊಡಿ. ಅದೇ ಬಣ್ಣದಲ್ಲಿ ನಿಮ್ಮದನ್ನೂ ನೋಡೇಬಿಡ್ತೀನಿ," ಎಂದು ಆಕೆ ನನ್ನ ಕಡೆ ತಿರುಗಿದಳು.

ನನ್ನದರಲ್ಲಿ ಮೂವತ್ತೊಂದು! ಬಣ್ಣ ಕೆಟ್ಟಿದೆಯೆಂಬ ತಮ್ಮ ಮಾತೇ ನಿಜವಾಯಿತೆಂದು ಡಾಕ್ಟರು ಗಹಗಹಿಸಿ ನಕ್ಕರು. ಆಕೆಯ ಮುಖ ಸಪ್ಪಗಾಯಿತು. ಆದರೆ ಬಿಡಲಿಲ್ಲ. ತನ್ನ ಬೆರಳಿಗೇ ಸೂಜಿ ಚುಚ್ಚಿ, ಹನಿಯನ್ನು ಗಾಜಿಗೆ ಸವರಿ, ಅದೇ ಬಾಟಲಿಯ ಬಣ್ಣ ಹಾಕಿ ಎಣಿಸಿದಳು. ಬರೀ ಮೂರು! ಡಾಕ್ಟರು ತಾವೇ ಬಗ್ಗಿ ನೋಡಿದರು, ಚೀಟಿ ಹರಿದರು, ನಮ್ಮಿಬ್ಬರಿಗೂ ಮಲ ಪರೀಕ್ಷೆ ಬರೆದರು. ಇಬ್ಬರಲ್ಲೂ ಹುಳದ ಮೊಟ್ಟೆ ಸಿಕ್ಕಿತು.

ಗುಳಿಗೆ ನುಂಗಿ, ಕೆಮ್ಮು ನಿಂತ ಮೇಲೆ ಆ ಸಂತೋಷ ಹೇಳಲು ಮೊಮ್ಮಗಳ ಜೊತೆ ಹೋದೆ. ಆಕೆ ಎರಡೂ ಕಣ್ಣು ಬಿಟ್ಟು ನಮ್ಮ ಕಾಲು ನೋಡಿದಳು.

"ಆ ಹುಳ ಮಣ್ಣಿಂದ ಬರಿಗಾಲಿಗೇ ಹತ್ತೋದು ಅಂತ ಅವತ್ತೇ ಹೇಳಿದ್ನಲ್ಲ! ಅಜ್ಜಿ, ನಿಮ್ಮಿಬ್ಬರ ಚಪ್ಪಲಿ ಎಲ್ಲಿ?"