ಹದಿನೆಂಟು ಮಿಲಿಮೀಟರ್

ಕಟ್ಟಡ ವಿನ್ಯಾಸದ ಆ ಕಚೇರಿಯಲ್ಲಿ ಎಲ್ಲರೂ ಅವಳನ್ನು ‘ದಶಾಂಶದಕ್ಕ’ ಎಂದೇ ಕರೆಯುತ್ತಿದ್ದರು, ಅದೂ ಎದುರಿಗೇ. ಯಾವ ಭಾರಕ್ಕೆ ಕಂಬ ಎಷ್ಟು ಬಾಗುತ್ತದೆ, ಯಾವ ಭಾರಕ್ಕೆ ಕೈಕೊಡುತ್ತದೆ ಎಂದು ಲೆಕ್ಕ ಹಾಕುವುದರಲ್ಲೇ ಇಪ್ಪತ್ತೆರಡು ವರ್ಷ ಸವೆಸಿದ್ದಳು. “ನೆಟ್ಟಗಿರೋ ಕಂಬ ಪುಸ್ತಕದಲ್ಲಿ ಮಾತ್ರ ಇರುತ್ತೆ” ಎನ್ನುತ್ತಿದ್ದಳು.

ಒಂದು ಬೆಳಿಗ್ಗೆ ಗೋದಾಮು ಕಟ್ಟುವ ಜಾಗದಿಂದ ಫೋನು ಬಂತು. ಅಲ್ಲಿನ ಮೇಲ್ವಿಚಾರಕ ಅವಳ ತಮ್ಮ. ತಾಯಿ ತೀರಿಕೊಂಡ ಮೇಲೆ ಅವಳೇ ಎತ್ತಿ ಆಡಿಸಿದವನು.

“ಅಕ್ಕಾ, ಮೂಲೆ ಕಂಬ ನಡುವೆ ಹದಿನೆಂಟು ಮಿಲಿಮೀಟರ್ ಹೊಟ್ಟೆ ಬಿಟ್ಟಿದೆ. ಥೇಟ್ ಭಾವನ ಥರಾನೇ! ಕ್ರೇನಿನ ತೊಲೆ ಕೂರಿಸ್ಬಹುದಾ?”

“ನಗಬೇಡ್ವೋ. ಆರು ಮಿಲಿಮೀಟರ್ ಆಗಿದ್ರೆ ಬಿಡಬಹುದಿತ್ತು. ಇರು, ನೋಡಿ ಹೇಳ್ತೀನಿ.”

ಅವಳು ಲೆಕ್ಕ ಹಾಕಿದಳು, ಮತ್ತೊಮ್ಮೆ ಹಾಕಿ ನೋಡಿದಳು. ಚಾವಣಿಯ ಭಾರಕ್ಕೇ ಕಂಬ ಈಗಾಗಲೇ ಹದಿನೆಂಟು ಮಿಲಿಮೀಟರ್ ಬಾಗಿತ್ತು. ಮೇಲೆ ಕ್ರೇನು ಓಡಾಡುವ ತೊಲೆಯೂ ಕೂತರೆ ಅದು ತೊಂಬತ್ತಾಗುತ್ತಿತ್ತು. ಬಾಗಿದಷ್ಟೂ ಭಾರ ಇನ್ನಷ್ಟು ಬಾಗಿಸುತ್ತದೆ. ಅಷ್ಟನ್ನು ಆ ಉಕ್ಕಿನ ಕಂಬ ತಾಳುತ್ತಿರಲಿಲ್ಲ.

ಕಾಗದ ಹಿಡಿದು ಸಾಹೇಬರ ಕೋಣೆಗೆ ಓಡಿದಳು. ಅವರು ಕಣ್ಣಾಡಿಸಿ, “ನಾಳೆ ನಾನೇ ಹೋಗಿ ನೋಡ್ತೀನಿ. ಅಲ್ಲೀವರೆಗೆ ಬಾಯಿ ಬಿಡಬೇಡಿ, ಸುಮ್ನೆ ಕೆಲಸ ನಿಲ್ಲುತ್ತೆ” ಎಂದರು.

ಮಧ್ಯಾಹ್ನ ತಮ್ಮ ಮತ್ತೆ ಕೇಳಿದ. “ತೊಲೆ ಕೂರಿಸ್ಲಾ, ಬೇಡ್ವಾ?”

“ನಾಳೆ ಸಾಹೇಬ್ರು ಬರ್ತಾರೆ” ಎಂದಳು. ‘ಬೇಡ’ ಎಂಬ ಎರಡಕ್ಷರ ಹೇಳದೆ ಫೋನಿಟ್ಟಳು.

ಸಾಹೇಬರು ಬರುವುದರೊಳಗೆ ಮುಗಿಸಬೇಕೇನೋ ಎಂದುಕೊಂಡ ಅವನು. ಆದರೂ ಆ ಕಂಬದ ಮೇಲೆ ಬೇರೆಯವರನ್ನು ಹತ್ತಿಸಲು ಮನಸ್ಸಾಗದೆ, ಬೋಲ್ಟು ಬಿಗಿಯಲು ತಾನೇ ಹತ್ತಿದ. ನಾಲ್ಕು ಗಂಟೆಗೆ ಕಂಬ ನಡುವೆ ಮಡಚಿಕೊಂಡಿತು. ಆಸ್ಪತ್ರೆ ಮುಟ್ಟುವ ಮೊದಲೇ ಅವನ ಉಸಿರು ನಿಂತಿತ್ತು.

ವಿಚಾರಣೆಯಲ್ಲಿ ಸಾಹೇಬರು ತಮಗೇನೂ ತಿಳಿದಿರಲಿಲ್ಲ ಎಂದರು. ಅವಳು ಲೆಕ್ಕದ ಹಾಳೆಗಳನ್ನು ಮೇಜಿನ ಮೇಲಿಟ್ಟಳು. “ಇವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಅವನಿಗೊಬ್ಬನಿಗೆ ಗೊತ್ತಿರ್ಲಿಲ್ಲ.” ಇಬ್ಬರ ಪರವಾನಗಿಯೂ ಹೋಯಿತು.

ಅಂದು ಹೊರಗೆ ಮೆಟ್ಟಿಲ ಮೇಲೆ ತಮ್ಮನ ಹೆಂಡತಿ ತಡೆದು ನಿಲ್ಲಿಸಿದಳು. “ಅವ್ರು ನಿಮ್ಮನ್ನ ಕೇಳಿದ್ರಾ ಅತ್ತಿಗೆ?”

“ಕೇಳಿದ್ದ ಕಣಮ್ಮಾ. ಎರಡು ಸಲ.”

 ತಮ್ಮನ ಹೆಂಡತಿ ಸೆರಗು ಸರಿಪಡಿಸಿಕೊಂಡು ಇಳಿದು ಹೋದಳು.

ಈಗ ದಶಾಂಶದಕ್ಕ ಪ್ರತಿ ಭಾನುವಾರ ಆ ಮನೆಗೆ ಹೋಗುತ್ತಾಳೆ. ತಮ್ಮನ ಮಗಳು ಗೇಟಿನವರೆಗೆ ಬಂದು, “ಅಮ್ಮ ಒಳಗಿದ್ದಾಳೆ ಅತ್ತೆ” ಎನ್ನುತ್ತಾಳೆ. ಇಬ್ಬರೂ ಅಲ್ಲೇ ನಿಂತು ಶಾಲೆಯ ಸುದ್ದಿ ಮಾತಾಡುತ್ತಾರೆ. ಒಳಗೆ ಪಾತ್ರೆ ತೊಳೆಯುವ ಸದ್ದು ಕೇಳುತ್ತಿರುತ್ತದೆ.